ಕೈಗೊಂದು ಪಾಲು

ಅಳಿಯ ಯೋಗೀಶ ಫೋನು ಮುಂದೆ ಹಿಡಿದು, "ಅತ್ತೆ, ನಿಮ್ಮ ಹೆಸರಲ್ಲಿ ಮೀನು ಹಿಡಿಯೋ ಲೈಸೆನ್ಸ್ ತೆಗೆಸಿದೀನಿ ನೋಡಿ" ಅಂದಾಗ ಕಾಳಮ್ಮ ಮೆಲ್ಬರ್ನ್‌ನ ಪಾಯಿಂಟ್ ಕುಕ್ ಬಡಾವಣೆಯ ಮನೆಯಲ್ಲಿ ಉಪ್ಸಾರಿಗೆ ಕಟ್ಟು ಬಸಿಯುತ್ತಿದ್ದಳು. ಪಾತ್ರೆಯನ್ನು ಹಾಗೇ ಸಿಂಕಿನಲ್ಲಿಟ್ಟು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದಳು.

"ಎಲ್ಲಿ, ಇನ್ನೊಂದ್ಸಲ ತೋರ್ಸಿ ಅಳಿಮಯ್ಯ."

"ಇಲ್ಲಿದೆ ನೋಡಿ, ಕಾಳಮ್ಮ ಅಂತ. ಮೂರು ದಿನದ್ದು. ಸಿಡ್ನಿ ಕಡೆ ಇದಿಲ್ಲದೆ ಗಾಳ ಹಾಕೋ ಹಂಗಿಲ್ಲ."

ಕಾಳಮ್ಮ ಬಹಳ ಹೊತ್ತು ಆ ಪರದೆಯನ್ನೇ ನೋಡಿದಳು. ಎಪ್ಪತ್ತು ದಾಟಿದ ಹೆಂಗಸು. ಹುಟ್ಟಿದ್ದು ಕಾವೇರಿ ದಂಡೆಯ ಬೆಸ್ತರ ಮನೆಯಲ್ಲಿ, ಸೇರಿದ್ದೂ ಹೊಳೆ ದಾಟಿದರೆ ಸಿಗುವ ಬೆಸ್ತರ ಮನೆಯನ್ನೇ. ಮೀನಿನ ವಾಸನೆ ಅವಳ ಸೀರೆಯಿಂದ ಹೋದದ್ದು ವಿಮಾನ ಹತ್ತಿದ ಮೇಲೆಯೇ. ಆದರೆ ಜೀವವಿರುವ ಮೀನನ್ನು ನೀರಿನಿಂದ ಎಳೆದದ್ದು ಒಂದು ದಿನವೂ ಇಲ್ಲ. ಹೆಂಗಸು ಹರಿಗೋಲು ಹತ್ತಿದರೆ ಮೀನು ಮುಖ ತಿರುಗಿಸುತ್ತದೆ ಅಂತ ಅವಳಪ್ಪ ಹೇಳುತ್ತಿದ್ದ. ಗಂಡನಾಗಿ ಬಂದವನೂ ಅದನ್ನೇ ಹೇಳಿದ. ಬಲೆ ಬೀಸುವುದು ಗಂಡಸರು. ಬುಟ್ಟಿ ಹೊರುವುದು, ಹುರುಪೆ ಉಜ್ಜುವುದು, ಕರುಳು ತೆಗೆಯುವುದು, ಸಂತೆಯಲ್ಲಿ ಕೂಗಿ ಮಾರುವುದು ಹೆಂಗಸರು. ಸತ್ತ ಮೀನಿನ ಕಣ್ಣನ್ನು ಅವಳು ನೋಡಿದಷ್ಟು ಯಾರೂ ನೋಡಿರಲಾರರು.

ಗಂಡ ತೀರಿಕೊಂಡ ಮೇಲೆ ಮಗಳು ಕೃಪಾ ಕರೆಸಿಕೊಂಡಳು. ಅಳಿಯ ಒಳ್ಳೆಯವನೇ. ಓದಲು ಬಂದವನು, ಹೋಟೆಲಿನಲ್ಲಿ ತಟ್ಟೆ ತೊಳೆದು ಪಿಆರ್ ಅನ್ನುವ ಕಾಯಂ ವಾಸದ ಪರವಾನಗಿ ಗಿಟ್ಟಿಸಿಕೊಂಡವನು, ಈಗ ಊರಿನ ಇನ್ನೊಂದು ತುದಿಯ ಬಾಕ್ಸ್ ಹಿಲ್‌ನಲ್ಲಿ ಕಂಪ್ಯೂಟರ್ ಕೆಲಸ. ವಾರವಿಡೀ ಫ್ರೀವೇಯಲ್ಲಿ ಕಾರು ತಳ್ಳಿ ಸುಸ್ತಾದವನು ಶನಿವಾರ ಬಂದರೆ ವೆರಿಬಿ ಸೌತ್ ಅನ್ನುವ ಕಡಲ ದಡದ ಜೆಟ್ಟಿಗೆ ಗಾಳ ಹಿಡಿದು ಹೊರಡುತ್ತಿದ್ದ. ಕಾಳಮ್ಮನೂ ಜೊತೆಗೆ. ಎರೆಡಬ್ಬ ಅವಳ ಕೈಯಲ್ಲಿ.

"ನನಗೂ ಒಂದು ಕೊಡಿ ಅಳಿಮಯ್ಯ, ನೋಡಾಣ" ಅಂತ ಎಷ್ಟು ಸಲ ಕೇಳಿದ್ದಳೋ.

"ತಂಡಿ ಗಾಳಿ ಅತ್ತೆ, ಕಾರಲ್ಲಿ ಕೂತ್ಕೊಳ್ಳಿ" ಅನ್ನುತ್ತಿದ್ದ. ಒಂದು ಸಲ ಫೋಟೋ ತೆಗೆಯಲು ಮಾತ್ರ ಗಾಳದ ರಾಡು ಕೈಗೆ ಕೊಟ್ಟು, ಕ್ಲಿಕ್ ಅಂದ ತಕ್ಷಣ ವಾಪಸ್ ತೆಗೆದುಕೊಂಡಿದ್ದ. ಆ ಫೋಟೋ ಊರಿನ ವಾಟ್ಸಾಪ್ ಗುಂಪಿನಲ್ಲೆಲ್ಲ ಓಡಾಡಿತು. ಕಾಳಮ್ಮ ಆಸ್ಟ್ರೇಲಿಯಾದಲ್ಲಿ ಮೀನು ಹಿಡಿಯುತ್ತಾಳೆ ಅಂತ ತಂಗಿಯ ಮಕ್ಕಳು ಫೋನು ಮಾಡಿ ಕೇಳಿದರು. ಹೂಂ ಅನ್ನಲೂ ಆಗದೆ, ಊಹೂಂ ಅನ್ನಲೂ ಆಗದೆ ಅವಳು ಕೆಮ್ಮಿ ಸುಮ್ಮನಾಗಿದ್ದಳು.

ಅಂಥಾದ್ದರಲ್ಲಿ ಈಗ ಲೈಸೆನ್ಸು, ಅದೂ ಅವಳ ಹೆಸರಿನಲ್ಲೇ. ಅಳಿಯನಿಗೆ ಅವತ್ತು ಮುದ್ದೆಯ ಜೊತೆ ಎರಡು ಸೌಟು ತುಪ್ಪ ಬಿತ್ತು.

ಯೋಗೀಶನ ಅಣ್ಣ ಪ್ರಮೋದ ಸಿಡ್ನಿಯ ರೌಸ್ ಹಿಲ್‌ನಲ್ಲಿ ಹೊಸ ಮನೆ ಕಟ್ಟಿಸಿದ್ದ. ಶುಕ್ರವಾರ ಗೃಹಪ್ರವೇಶ, ಸಿಹಿಯೂಟ. ಭಾನುವಾರ ಸ್ನೇಹಿತರಿಗೆಲ್ಲ ಬಾಡೂಟ. ಅದೂ ಕೋಳಿ ಕುರಿಯಲ್ಲ. "ನಾನೂ ನನ್ನ ತಮ್ಮನೂ ಕೈಯಾರೆ ಹಿಡಿದ ಸಾಲ್ಮನ್, ನಮ್ಮಮ್ಮನ ಮೀನುಸಾರು, ರಾಗಿಮುದ್ದೆ" ಅಂತ ಪ್ರಮೋದ ಗುಂಪಿನಲ್ಲಿ ಹಾಕಿಬಿಟ್ಟಿದ್ದ. ನಲವತ್ತು ಜನ ಬರುತ್ತೇವೆ ಅಂದಿದ್ದರು. ಶನಿವಾರ ಸಮುದ್ರಕ್ಕೆ ಹೋಗುವುದೆಂದು ಅಣ್ಣತಮ್ಮಂದಿರ ಲೆಕ್ಕ.

ಮೆಲ್ಬರ್ನ್‌ನಿಂದ ಕಾರಿನಲ್ಲೇ ಹೊರಟರು. ಮಧ್ಯಾಹ್ನದ ಹೊತ್ತಿಗೆ ಕಾಳಮ್ಮ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿದಳು. ನಿದ್ದೆ ಬಂದಿರಲಿಲ್ಲ. ಮುಂದೆ ಕೂತ ಗಂಡಹೆಂಡಿರು ಬಂತು ಅಂದುಕೊಂಡರು.

"ಅತ್ತೆ ಬಂದಿದ್ದು ಒಳ್ಳೇದಾಯ್ತು ಕಣೇ" ಅಂದ ಯೋಗೀಶ. "ನಮ್ಮ ಮೆಲ್ಬರ್ನ್ ಕಡೆ ಒಬ್ಬೊಬ್ಬರು ಇಪ್ಪತ್ತು ಸಾಲ್ಮನ್ ತರಬಹುದು. ಸಿಡ್ನಿಲಿ ತಲೆಗೆ ಐದೇ ಐದು. ಮೀನು ಕಮ್ಮಿ ಆಗಬಾರದು ಅಂತ ಅವರ ರೂಲ್ಸು. ನಾನು, ಅಣ್ಣ ಸೇರಿ ಹತ್ತು. ಅತ್ತೆದು, ನಮ್ಮಮ್ಮಂದು ಹಿಡಿದ್ರೆ ಇಪ್ಪತ್ತಾಯ್ತು."

"ಅವ್ವ ಎಲ್ಲಿ ಹಿಡೀತಾಳೆ ಯೋಗಿ?"

"ಅವರು ಹಿಡಿಯೋದೇನ್ ಬೇಡ. ಚೇರ್ ಹಾಕಿ ಕೂರ್ಸೋಣ, ಪಕ್ಕಕ್ಕೊಂದು ರಾಡ್ ನೆಡೋಣ. ಹಿಡಿಯೋರು ನಾವು. ತಲೆ ಇದ್ರೆ ಸಾಕು."

ಕೃಪಾ ಕಿಸಕ್ಕನೆ ನಕ್ಕಳು. "ಅವ್ವ ಅಂದ್ರೆ ಐದು ಮೀನು ಅನ್ನು!"

ಅಳಿಯನ ಮಾತು ಕಾಳಮ್ಮನಿಗೆ ಅಷ್ಟಾಗಿ ತಾಕಲಿಲ್ಲ. ಮಗಳ ನಗು ತಾಕಿತು. ಕಣ್ಣು ತೆರೆಯದೆ ಹಾಗೇ ಕೂತಳು. ಹೊರಗೆ ಹಳದಿ ಹುಲ್ಲಿನ ಬಯಲು, ಕುರಿ, ಮತ್ತೆ ಬಯಲು. ಎದ್ದು ಕೂತು ಜಗಳವಾಡಬಹುದಿತ್ತು. ಆದರೆ ಓಡುವ ಕಾರಿನಲ್ಲಿ ಜಗಳವಾಡಿ ಇಳಿದುಹೋಗುವುದೆಲ್ಲಿಗೆ? ಜಗಳಕ್ಕೂ ನೆಲ ಬೇಕು. ಸಮುದ್ರದ ದಡ ಬರಲಿ ಅಂದುಕೊಂಡಳು.

ಗೃಹಪ್ರವೇಶ ಚೆನ್ನಾಗಿಯೇ ಆಯಿತು. ಹೊಗೆಯ ಅಲಾರಾಂ ಎರಡು ಸಲ ಕೂಗಿದ್ದು ಬಿಟ್ಟರೆ ಹೋಮಕ್ಕೆ ಯಾವ ವಿಘ್ನವೂ ಬರಲಿಲ್ಲ. ಸಾಯಂಕಾಲ ನೆಂಟರೆಲ್ಲ ಹೋದ ಮೇಲೆ ಹೊಸ ಅಡುಗೆಮನೆಯ ನೆಲದ ಮೇಲೆ ಚಾಪೆ ಹಾಸಿಕೊಂಡು ಕಾಳಮ್ಮ ಮತ್ತು ಪುಟ್ಟಮ್ಮ ಭಾನುವಾರದ ಸಾರಿಗೆ ಬೆಳ್ಳುಳ್ಳಿ ಬಿಡಿಸಲು ಕೂತರು. ಪುಟ್ಟಮ್ಮ ಪ್ರಮೋದ ಯೋಗೀಶರ ತಾಯಿ, ಅಂದರೆ ಕಾಳಮ್ಮನಿಗೆ ಬೀಗಿತಿ. ಬೀಗಿತಿಯರಾದರೂ ಇಬ್ಬರೂ ಒಂದೇ ಹೊಳೆಯ ನೀರು ಕುಡಿದವರು, ಒಂದೇ ಸಂತೆಯಲ್ಲಿ ಎದುರು ಬದುರು ಬುಟ್ಟಿ ಇಟ್ಟು ಗಿರಾಕಿಗಾಗಿ ಬೈದಾಡಿಕೊಂಡವರು. ಆಮೇಲಷ್ಟೇ ಸಂಬಂಧ ಬೆಳೆಸಿದ್ದು. ಹಾಗಾಗಿ ನೀನು ತಾನು ಅಂತಲೇ ಮಾತು.

"ನನ್ನ ಹೆಸರಿಗೂ ಲೈಸೆನ್ಸ್ ತಗ್ಸವ್ನೆ ಪ್ರಮೋದ" ಅಂದಳು ಪುಟ್ಟಮ್ಮ ಹೆಮ್ಮೆಯಿಂದ. "ರೇಷನ್ ಕಾರ್ಡಲ್ಲಿ ಹೆಸರು ಹತ್ತಿಸ್ದಂಗೆ. ನನ್ನ ಹೆಸರಿಗೆ ಐದು ಮೀನು."

"ನೀನು ಹಿಡೀತೀಯಾ?"

"ನಾನ್ಯಾಕ್ ಹಿಡೀಲಿ? ಮೊಣಕಾಲು ಮಡಚಾಕಾಯ್ತದಾ? ಕೂತಿರ್ತೀನಿ. ಕಡ್ಲೆಪುರಿ ತಂದಿವ್ನಿ."

"ಬೀಗ್ತೀ, ಹೊಳೇಲಿ ತಲೆಗೆ ಪಾಲು ಕೊಟ್ಟಿದ್ನ ಎಲ್ಲಾರಾ ಕಂಡಿದ್ದೀಯಾ ನೀನು?"

ಪುಟ್ಟಮ್ಮನ ಕೈ ನಿಂತಿತು.

ಅವರಿಬ್ಬರಿಗೂ ಗೊತ್ತಿದ್ದ ಕಟ್ಟಳೆ ಅದು. ಹಿಡಿದ ಮೀನನ್ನು ದಡದ ಕಲ್ಲಿನ ಮೇಲೆ ಗುಡ್ಡೆ ಹಾಕಿದ ಮೇಲೆ, ಹರಿಗೋಲಿಗೊಂದು ಪಾಲು, ಬಲೆಗೊಂದು ಪಾಲು, ದುಡಿದ ಒಂದೊಂದು ಕೈಗೆ ಒಂದೊಂದು ಪಾಲು. ಬಲೆ ಬೀಸಿದವನೇ ಪಾಲು ಹಾಕಬೇಕು, ಅವನ ಮಾತಿಗೆ ಎದುರಿಲ್ಲ. ಮನೆಯಲ್ಲಿ ಹತ್ತು ಬಾಯಿದ್ದರೂ ಅಷ್ಟೆ, ಎರಡಿದ್ದರೂ ಅಷ್ಟೆ. ಆಮೇಲೊಬ್ಬ ಗುತ್ತಿಗೆದಾರ ಬಂದ. ಒಂದು ತಲೆಗೆ ಇಂತಿಷ್ಟು ಅಂತ ಹೊಸ ಲೆಕ್ಕ ಶುರುಮಾಡಿದ. ನೀರಿಗೇ ಇಳಿಯದವರ ಹೆಸರು, ಊರಲ್ಲೇ ಇಲ್ಲದವರ ಹೆಸರು, ತೊಟ್ಟಿಲ ಕೂಸಿನ ಹೆಸರು ಎಲ್ಲ ಸೇರಿದವು. ಅಷ್ಟು ತಲೆ ತುಂಬಿಸಲು ಬಲೆ ಸಾಲದೆ ಮಡುವಿಗೆ ಸಿಡಿಮದ್ದಿನ ತೋಟೆ ಹಾಕಿ ಸಿಡಿಸಿದರು. ಮರಿಯೂ ತಾಯಿಯೂ ಒಟ್ಟಿಗೇ ಹೊಟ್ಟೆ ಮೇಲಾಗಿ ತೇಲಿದವು. ಮನುಷ್ಯನಷ್ಟು ತೂಗುತ್ತಿದ್ದ ಬಿಳಿಮೀನನ್ನು ಕಾಳಮ್ಮ ಕೊನೆಯ ಸಲ ಮಾರಿದ್ದು ಕೃಪಾ ಇನ್ನೂ ಮೊಲೆ ಕುಡಿಯುವಾಗ. ಆಮೇಲೆ ಆ ಮಡುವಿನಲ್ಲಿ ಆ ಮೀನಿನ ಬಾಲವನ್ನೂ ಯಾರೂ ಕಾಣಲಿಲ್ಲ.

"ಕೈ ದಣೀತದೆ ಬೀಗ್ತೀ" ಅಂದಳು ಕಾಳಮ್ಮ. "ದಣಿದ ಕೈ ಸಾಕು ಅಂತದೆ. ತಲೆ ಎಲ್ಲಿ ದಣೀತದೆ? ಕೂತಲ್ಲೇ ಇನ್ನೂ ಬೇಕು ಅಂತದೆ."

ಫ್ರಿಜ್ಜಿನಿಂದ ನೀರು ತೆಗೆಯಲು ಬಂದಿದ್ದ ಪ್ರಮೋದ ಇದನ್ನು ಕೇಳಿಸಿಕೊಂಡ. "ಅತ್ತೆ, ಇದು ಹೊಳೆ ಅಲ್ಲ, ಸಮುದ್ರ. ದೊಡ್ಡ ದೊಡ್ಡ ಬೋಟ್‌ನೋರು ಟನ್‌ಗಟ್ಟಲೆ ಬಾಚ್ಕೊಂಡು ಹೋಗ್ತಾರೆ. ಅವರನ್ನ ಬಿಟ್ಟು ನಮ್ಮಂಥೋರ ಐದು ಮೀನಿಗೆ ಕಣ್ಣು ಹಾಕ್ತಾರೆ. ನಮ್ಮ ಐದರಿಂದ ಸಮುದ್ರ ಬತ್ತಿಹೋಗುತ್ತಾ?"

"ಬೋಟಿನೋರದು ತಪ್ಪಾದ್ರೆ ಅವರನ್ನೂ ಕೇಳ್ಬೇಕು ಪ್ರಮೋದಪ್ಪ, ಯಾರು ಬ್ಯಾಡ ಅಂದೋರು? ಆದ್ರೆ ನಮ್ಮ ಗುತ್ತಿಗೆದಾರನೂ ಇದೇ ಮಾತಾಡ್ತಿದ್ದ. ಮೇಲಿನ ಅಣೆಕಟ್ಟೆಯೋರು ಹಿಡೀತಾವ್ರೆ, ನಾವೊಂದ್ ತೋಟೆ ಹಾಕುದ್ರೆ ಏನಾಯ್ತದೆ ಅಂತ."

"ಸರಿ ಬಿಡಿ, ನಾಳೆ ಬೇಗ ಏಳ್ಬೇಕು" ಅಂತ ನಗುತ್ತ ಹೋದ. ದೊಡ್ಡವರ ಮಾತನ್ನು ಹೀಗೆ ನಕ್ಕು ದಾಟುವುದು ಅವನಿಗೆ ಅಭ್ಯಾಸ.

ಮಾರನೆಯ ಬೆಳಿಗ್ಗೆ ಕೃಪಾ ಮಸಾಲೆ ಅರೆಯಲು ಮನೆಯಲ್ಲೇ ಉಳಿದಳು. ಅಣ್ಣತಮ್ಮಂದಿರು ತಾಯಂದಿರಿಬ್ಬರನ್ನು ಪ್ರಮೋದನ ದೊಡ್ಡ ಕಾರಿನಲ್ಲಿ ಕೂರಿಸಿಕೊಂಡು ಸೆಂಟ್ರಲ್ ಕೋಸ್ಟ್ ಕಡೆಯ ಒಂದು ಬೀಚಿಗೆ ಹೋದರು. ದಡಕ್ಕಿಳಿಯುವ ದಾರಿಯಲ್ಲಿ ಬೋರ್ಡು. ಅದರ ಮೇಲೆ ಮೀನುಗಳ ಚಿತ್ರ, ಚಿತ್ರದ ಎದುರು ಅಂಕಿ. ಬೆನ್ನು ಹಸಿರು, ಹೊಟ್ಟೆ ಬೆಳ್ಳಗಿದ್ದ ಮೀನಿನ ಎದುರು ಐದು ಅಂತಿತ್ತು. ಕಾಳಮ್ಮ ಅಲ್ಲಿ ನಿಂತು ನೋಡಿದಳು. ಯೋಗೀಶ ಎರಡು ಕುರ್ಚಿ ಹೊತ್ತುಕೊಂಡು ಮುಂದೆ ಹೋಗಿಯಾಗಿತ್ತು.

ಮರಳಿನ ಮೇಲೆ ಕುರ್ಚಿ ಬಿಡಿಸಿದರು. ಒಂದೊಂದು ಕುರ್ಚಿಯ ಪಕ್ಕ ಒಂದೊಂದು ಪೈಪು ನೆಟ್ಟು, ಅದರೊಳಗೆ ರಾಡು ನಿಲ್ಲಿಸಿದರು. ಎದುರಿಗೆ ಒಂದೊಂದು ಬಕೆಟ್ಟು. ಪುಟ್ಟಮ್ಮನ ಕಾಲ ಮೇಲೆ ಶಾಲು ಹೊದಿಸಿದರು.

"ಯಾರಾದ್ರೂ ಆಫೀಸರ್ ಬಂದು ಕೇಳಿದ್ರೆ, ನಿಮ್ಮ ಮುಂದಿನ ಬಕೆಟ್ಟಲ್ಲಿರೋದು ನೀವೇ ಹಿಡಿದಿದ್ದು. ಯೆಸ್ ಅನ್ನಿ, ಸಾಕು" ಅಂದ ಪ್ರಮೋದ.

"ಯೆಸ್" ಅಂತ ಪುಟ್ಟಮ್ಮ ಅಭ್ಯಾಸ ಮಾಡಿದಳು, ಬಾಯಿತುಂಬ ಕಡ್ಲೆಪುರಿ ಇಟ್ಟುಕೊಂಡು.

ಅಣ್ಣತಮ್ಮಂದಿರು ಅತ್ತ ಹೋದ ಮೇಲೆ ಕಾಳಮ್ಮ ತನ್ನ ರಾಡಿನ ದಾರವನ್ನು ನೀರಿನಿಂದ ಎಳೆದಳು. ರೀಲು ತಿರುಗಿಸುವುದು ಗೊತ್ತಿಲ್ಲದೆ ಕೈಯಲ್ಲೇ ಎಳೆದಳು. ಎಳೆದು ಎಳೆದು ಕೊನೆಗೆ ಬಂದದ್ದು ಒಂದು ಸೀಸದ ಗುಂಡು. ಕೊಕ್ಕೆ ಇಲ್ಲ, ಎರೆ ಇಲ್ಲ.

"ಅಳಿಮಯ್ಯಾ!"

ಯೋಗೀಶ ತಿರುಗಿದ.

"ಇದ್ಯಾವ ಸೀಮೆ ಗಾಳ? ಕೊಕ್ಕೆ ಎಲ್ಲಿ?"

"ಅಯ್ಯೋ ಅತ್ತೆ, ಅದು ಸುಮ್ನೆ ಇರ್ಲಿ ಅಂತ. ಕೈಗೆ ಚುಚ್ಚಿಕೊಂಡ್ರೆ ಕಷ್ಟ ಅಲ್ವಾ?"

"ಎಪ್ಪತ್ತು ವರ್ಷ ಮೀನಿನ ಮುಳ್ಳು ಚುಚ್ಚುಸ್ಕೊಂಡಿದೀನಿ, ನಿಮ್ಮ ಕೊಕ್ಕೆಗೆ ಸಾಯ್ತೀನಾ? ಹಾಕ್ಕೊಡಿ."

"ಆಮೇಲೆ ಹಾಕ್ತೀನಿ ಅತ್ತೆ, ಈಗ ಮೀನು ಬಂದಿದೆ!"

ಬಂದಿತ್ತು ನಿಜ. ಅಲೆ ಮುರಿಯುವ ಜಾಗದ ಈಚೆಗೆ ನೀರು ಕಪ್ಪಾಗಿ, ಮೋಡದ ನೆರಳು ಬಿದ್ದ ಹಾಗೆ ಜರುಗುತ್ತಿತ್ತು. ಮೇಲೆ ಹಕ್ಕಿಗಳು ಕಿರುಚಿಕೊಂಡು ಬೀಳುತ್ತಿದ್ದವು. ಅದು ನೆರಳಲ್ಲ, ಸಾಲ್ಮನ್ ಹಿಂಡು. ಕಾಳಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಅಷ್ಟು ಮೀನು ಒಟ್ಟಿಗೆ ಜೀವಂತ ಓಡುವುದನ್ನು ಅವಳು ಯಾವ ಕಾಲದಲ್ಲಿ ನೋಡಿದ್ದಳೋ.

ಅಣ್ಣತಮ್ಮಂದಿರ ಐದೈದು ಬೇಗನೆ ತುಂಬಿದವು. ಆಮೇಲೆ ಪ್ರಮೋದ ಹಿಡಿದದ್ದನ್ನು ಪುಟ್ಟಮ್ಮನ ಬಕೆಟ್ಟಿಗೆ ಹಾಕತೊಡಗಿದ. ಯೋಗೀಶ ತನ್ನ ಆರನೆಯ ಮೀನನ್ನು ಕೊಕ್ಕೆಯಿಂದ ಬಿಡಿಸಿ, ಪಟಪಟ ಬಡಿದುಕೊಳ್ಳುತ್ತಿದ್ದುದನ್ನು ಹಾಗೇ ತಂದು ಕಾಳಮ್ಮನ ಬಕೆಟ್ಟಿಗೆ ಎಸೆದು, "ನಿಮ್ಮ ಬೋಣಿ ಆಯ್ತು ಅತ್ತೆ" ಅಂತ ಓಡಿಹೋದ.

ಕಾಳಮ್ಮ ಎದ್ದಳು. ಸೆರಗು ಸೊಂಟಕ್ಕೆ ಬಿಗಿದು, ಸೀರೆಯನ್ನು ಮೊಣಕಾಲ ತನಕ ಎತ್ತಿ ಕಟ್ಟಿ, ಬಕೆಟ್ಟಿಗೆ ಎರಡೂ ಕೈ ಹಾಕಿದಳು. ಮೀನು ಒದೆಯಿತು. ಬಾಲದ ಬುಡಕ್ಕೊಂದು, ಹೊಟ್ಟೆಯಡಿಗೊಂದು ಕೈ ಕೊಟ್ಟು, ಕೂಸೆತ್ತಿದ ಹಾಗೆ ಎತ್ತಿಕೊಂಡು ನೀರಿಗೆ ನಡೆದಳು. ತಣ್ಣನೆಯ ಅಲೆ ತೊಡೆಗೆ ಬಡಿಯಿತು. ಮೀನಿನ ಮೂತಿಯನ್ನು ಸಮುದ್ರದ ಕಡೆ ಮಾಡಿ ನೀರಲ್ಲಿ ಹಿಡಿದಳು. ಅದು ಒಂದು ಉಸಿರು ಸುಮ್ಮನಿದ್ದು, ಆಮೇಲೆ ಅವಳ ಬೆರಳುಗಳನ್ನು ಒದ್ದುಕೊಂಡು ಹೋಯಿತು.

ಎರಡನೆಯದನ್ನೂ ಹಾಗೇ ಬಿಟ್ಟಳು. ಮೂರನೆಯದನ್ನು ತಂದು ಹಾಕುವಾಗ ಯೋಗೀಶ ಖಾಲಿ ಬಕೆಟ್ಟು ನೋಡಿದ.

"ಅತ್ತೆ! ಮೀನೆಲ್ಲಿ?"

"ಮನೆಗೋದವು."

"ಅಂದ್ರೆ?"

"ನನ್ನ ಹೆಸರಿಗೆ ತಾನೆ ತಂದಿದ್ದು? ನನ್ನ ಪಾಲು. ನಾನು ಏನಾದ್ರೂ ಮಾಡ್ತೀನಿ." ಅವನ ಕೈಯಲ್ಲಿದ್ದುದನ್ನೂ ಕಿತ್ತುಕೊಂಡಳು.

"ನಲವತ್ತು ಜನಕ್ಕೆ ಊಟ ಹೇಳಿದೀವಿ ಅತ್ತೆ! ಏನ್ ಮಾಡ್ತಿದೀರಾ ನೀವು?"

"ನಲವತ್ತು ಜನರನ್ನ ಕರೆಯೋಕೆ ಮೊದ್ಲು ನನ್ನ ಕೇಳಿದ್ರಾ? ಅವ್ವ ಅಂದ್ರೆ ಐದು ಮೀನು ಅಂತ ಕಾರಲ್ಲಿ ನಕ್ಕೊಂಡು ಬಂದ್ರಲ್ಲ, ಆವಾಗ ಕೇಳಿದ್ರಾ?"

ಯೋಗೀಶನ ಮುಖ ಕೆಂಪಾಯಿತು. "ನೀವು ಮಲಗಿದ್ರಿ ಅಂತ…"

"ಮಲಗಿದ್ರೆ ಅಂದಿದ್ದು ಅಂದಂಗಲ್ವಾ? ನೀವು ತರ್ತಾ ಇರಿ ಅಳಿಮಯ್ಯ. ನೀವು ತಂದಷ್ಟೂ ನಾನು ಬಿಡ್ತಾ ಇರ್ತೀನಿ. ಸಾಯಂಕಾಲದ ತನಕ ಬೇಕಾದ್ರೂ ಆಡಾಣ. ಕೈಯಲ್ಲಿ ಹಿಡಿದೋರಿಗೆ ಮೀನು. ನಾನು ತಲೆಯಾಗಿ ಕೂರಲ್ಲ."

ಅಷ್ಟಂದು ಮೂರನೆಯದನ್ನೂ ನೀರಿಗೆ ಬಿಟ್ಟು ಬಂದಳು. ಯೋಗೀಶ ಅಣ್ಣನ ಕಡೆ ನೋಡಿದ. ಪ್ರಮೋದ ದೂರದಿಂದಲೇ, "ಬಿಡೋ, ಅವರಿಗೆ ತಲೆ ಕೆಟ್ಟಿದೆ. ಅಮ್ಮನ ಬಕೆಟ್ ತುಂಬ್ಸೋಣ ಬಾ" ಅಂದ. ಯೋಗೀಶ ಹೋದ, ಆದರೆ ಗಾಳ ಎಸೆಯಲಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು ನೀರು ನೋಡುತ್ತ ನಿಂತ.

ಕಾಳಮ್ಮ ಸಾಮಾನಿನ ಡಬ್ಬದಿಂದ ಒಂದು ಕೊಕ್ಕೆ ಆರಿಸಿಕೊಂಡಳು. ದಾರಕ್ಕೆ ಕಟ್ಟಲು ನೋಡಿದರೆ ಆ ನೈಲಾನು ಬೆರಳಿಗೆ ಸಿಕ್ಕದೆ ಜಾರುತ್ತಿತ್ತು.

"ತತ್ತಾ ಇಲ್ಲಿ" ಅಂದಳು ಪುಟ್ಟಮ್ಮ, ಇಷ್ಟೂ ಹೊತ್ತು ಕಡ್ಲೆಪುರಿ ಅಗಿಯುವುದನ್ನೂ ಮರೆತು ನೋಡುತ್ತಿದ್ದವಳು. "ಹೂವು ಕಟ್ಟೋ ಗಂಟು ಹಾಕ್ತೀನಿ."

ಮಲ್ಲಿಗೆ ಮೊಗ್ಗು ಕಟ್ಟುವ ಗಂಟೇ ಹಾಕಿದಳು. ಕಾಳಮ್ಮ ಅಳಿಯ ಮಾಡುತ್ತಿದ್ದುದನ್ನು ನೆನೆದು ರಾಡನ್ನು ಹಿಂದಕ್ಕೆ ಬೀಸಿ ಮುಂದಕ್ಕೆ ಎಸೆದಳು. ಗುಂಡು ಒಂದು ಕಡೆ ಹೋಯಿತು, ಕೊಕ್ಕೆ ಇನ್ನೊಂದು ಕಡೆ ಹಾರಿ ಸಮುದ್ರ ಸೇರಿತು. ಪುಟ್ಟಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಗಬ್ಯಾಡ ಕಣೇ, ನಿನ್ನ ಗಂಟೇ ಸರಿಯಿಲ್ಲ! ನಿನ್ನ ಹೂವಿನ ಸರವೂ ಹಿಂಗೇ ಉದುರ್ತಿದ್ದುದು."

"ನನ್ನ ಸರ ಉದುರ್ತಿತ್ತಾ? ಕೊಡು ಇನ್ನೊಂದು ಕೊಕ್ಕೆ. ಈ ಸಲ ಆನೆ ಎಳುದ್ರೂ ಬರಬಾರ್ದು."

ಎರಡನೆಯ ಕೊಕ್ಕೆಗೆ ಎಂಜಲು ಹಚ್ಚಿ, ಹಲ್ಲಲ್ಲಿ ಕಚ್ಚಿ ಬಿಗಿದು, ಗಂಟಿನ ಮೇಲೆ ಗಂಟು ಹಾಕಿ ಒಂದು ಸಣ್ಣ ಉಂಡೆಯನ್ನೇ ಮಾಡಿದಳು. ಕಾಳಮ್ಮ ಎರೆ ಚುಚ್ಚಿದಳು, ಎಸೆದಳು. ದೂರವೇನೂ ಹೋಗಲಿಲ್ಲ. ದಡದ ಹತ್ತಿರವೇ, ನೀರು ಆಳವಾಗಿ ಹರಿಯುವ ಒಂದು ಓಣಿಯಲ್ಲಿ ಬಿತ್ತು. ಮತ್ತೆ ಎಸೆಯೋಣ ಅಂದುಕೊಳ್ಳುವಷ್ಟರಲ್ಲಿ ರಾಡು ಅವಳ ಕೈಯನ್ನು ಎಳೆಯಿತು.

ಎಳೆದದ್ದು ಅಂದರೆ ಹೇಗೆ? ಸಂತೆಯಲ್ಲಿ ಬೆದರಿದ ಎತ್ತಿನ ಹಗ್ಗ ಹಿಡಿದ ಹಾಗೆ. ಕಾಳಮ್ಮ ಎರಡು ಹೆಜ್ಜೆ ನೀರಿಗೆ ಹೋದಳು.

"ಬೀಗ್ತೀ, ಹಿಡ್ಕೊಳೇ!"

ಮೊಣಕಾಲು ಮಡಚಲಾಗದ ಪುಟ್ಟಮ್ಮ ಕುರ್ಚಿ ಉರುಳಿಸಿ ಎದ್ದು ಬಂದು ಕಾಳಮ್ಮನ ಸೊಂಟ ತಬ್ಬಿದಳು. ಯೋಗೀಶ ಓಡಿಬಂದ. "ಕೊಡಿ ಅತ್ತೆ, ನಾನು ಎಳೀತೀನಿ!"

"ಮುಟ್ಟಿದ್ರೆ ನೋಡಿ!" ಅಂತ ಕಿರುಚಿದಳು ಕಾಳಮ್ಮ. ಅವನು ಬೆಂಕಿ ಮುಟ್ಟಿದವನಂತೆ ಕೈ ಹಿಂದೆ ತೆಗೆದುಕೊಂಡ. ರೀಲು ತಿರುಗಿಸುವುದು ಬರದ ಕಾಳಮ್ಮ ರಾಡನ್ನು ಎದೆಗೊತ್ತಿ ಹಿಂದೆ ಹಿಂದೆ ನಡೆದಳು. ಅವಳ ಜೊತೆ ಪುಟ್ಟಮ್ಮನೂ. ಎರಡು ಮುದುಕಿಯರು ಒಬ್ಬಳಿಗೊಬ್ಬಳು ಅಂಟಿಕೊಂಡು ಏಡಿಯ ಹಾಗೆ ಮರಳು ದಿಬ್ಬ ಹತ್ತಿದರು. ಮೀನು ಹಾರಿತು, ಬಿತ್ತು, ಮತ್ತೆ ಹಾರಿತು. ದಾರ ಅವಳ ತೋರುಬೆರಳನ್ನು ಕೊಯ್ದು ರಕ್ತ ಬಂತು. ಕೊನೆಗೆ ಒಂದು ಅಲೆ ಬಂದು ಮೀನನ್ನು ಮರಳ ಮೇಲೆ ಉರುಳಿಸಿತು. ಇಬ್ಬರೂ ಹಿಂದಕ್ಕೆ ಕುಕ್ಕರಿಸಿ ಬಿದ್ದರು.

ಒಳ್ಳೆ ಮೀನು. ಮೊಣಕೈಯಿಂದ ಬೆರಳ ತುದಿಯ ತನಕ ಉದ್ದ. ಕಾಳಮ್ಮ ಅದರ ಕಣ್ಣು ನೋಡಿದಳು. ಅದೂ ಅವಳನ್ನು ನೋಡಿತು.

"ಬಿಡ್ತೀಯಾ ಇದನ್ನೂ?" ಅಂದಳು ಪುಟ್ಟಮ್ಮ ಏದುಸಿರಿನಲ್ಲಿ.

"ಯಾಕ್ ಬಿಡ್ಲಿ? ಇದು ನನ್ನ ಕೈದು."

ನೀಲಿ ಟೋಪಿ ಹಾಕಿದ ಮೀನುಗಾರಿಕೆ ಆಫೀಸರು ಬಂದದ್ದು ಆಗಲೇ. ವಯಸ್ಸಿನ ಹುಡುಗ, ಮೆಲು ಮಾತಿನವನು. ಮೊದಲು ಪ್ರಮೋದನ, ಯೋಗೀಶನ ಬಕೆಟ್ಟು ಎಣಿಸಿದ. ಲೈಸೆನ್ಸು ನೋಡಿದ. ಆಮೇಲೆ ಕಾಳಮ್ಮನ ಹತ್ತಿರ ಬಂದು ಎಷ್ಟು ಹಿಡಿದಿರಿ ಅಂತ ಕೇಳಿದ.

"ವನ್" ಅಂದಳು ಕಾಳಮ್ಮ. ರಕ್ತದ ಬೆರಳನ್ನು ಎತ್ತಿ ತೋರಿಸಿ, "ಮೈ ಹ್ಯಾಂಡ್" ಅಂದಳು. ಅವನು ಬೆರಳನ್ನೂ ಮೀನನ್ನೂ ನೋಡಿ, ಒಳ್ಳೆ ಮೀನು ಅಂತ ತಲೆಯಾಡಿಸಿದ. ಪುಟ್ಟಮ್ಮನ ಬಕೆಟ್ಟಿನ ಕಡೆ ತಿರುಗಿದ. ಅದರಲ್ಲಿ ಮೂರಿದ್ದವು.

"ಇದು ನೀವು ಹಿಡಿದದ್ದಾ?" ಅಂತ ಇಂಗ್ಲಿಷಿನಲ್ಲಿ ಕೇಳಿದ.

ಪ್ರಮೋದ ಸಮುದ್ರ ನೋಡುವವನ ಹಾಗೆ ನಿಂತು, ಹಲ್ಲಿನ ಸಂದಿಯಿಂದ, "ಯೆಸ್ ಅನ್ನಮ್ಮ" ಅಂದ.

ಪುಟ್ಟಮ್ಮ ಮಗನನ್ನು ನೋಡಿದಳು. ಬೀಗಿತಿಯನ್ನು ನೋಡಿದಳು. ಕಾಳಮ್ಮ ಬೆರಳಿನ ರಕ್ತ ಚೀಪುತ್ತ ನಿಂತಿದ್ದಳು. ಪುಟ್ಟಮ್ಮ ಸೆರಗು ಕೊಡವಿಕೊಂಡಳು.

"ನೋ" ಅಂದಳು.

"ಅಮ್ಮಾ!"

"ಸುಮ್ನಿರ್ಲಾ. ಗಂಟು ಹಾಕಿದ್ದು ನಾನು, ಸೊಂಟ ಹಿಡಿದಿದ್ದು ನಾನು. ಮಾಡಿದ್ದನ್ನ ಮಾಡಿದೀನಿ ಅಂತೀನಿ. ಮಾಡ್ದೆ ಇರೋದನ್ನ ಯಾಕನ್ಲಿ? ನೋಡಪ್ಪ ಮಗಾ" ಅಂತ ಆಫೀಸರಿನ ಮುಂದೆ ಎರಡೂ ಅಂಗೈ ಬಿಚ್ಚಿ ಹಿಡಿದಳು. ಅಲ್ಲಿ ಕಡ್ಲೆಪುರಿಯ ಪುಡಿ ಅಂಟಿತ್ತು. ಒಂದು ಹುರುಪೆಯೂ ಇರಲಿಲ್ಲ. ಅವನಿಗೆ ಕನ್ನಡ ಬೇಕಾಗಲಿಲ್ಲ.

ಆ ಮೂರನ್ನು ಅವನು ತೆಗೆದುಕೊಂಡ. ಪ್ರಮೋದನನ್ನು ಪಕ್ಕಕ್ಕೆ ಕರೆದು ಬಹಳ ಹೊತ್ತು ಮಾತಾಡಿ ದಂಡ ಬರೆದ. ಯೋಗೀಶ ತನ್ನ ಐದು ಮೀನಿನ ಬಕೆಟ್ಟಿನ ಪಕ್ಕ ಕಲ್ಲಿನ ಹಾಗೆ ನಿಂತಿದ್ದ. ಮೂರು ಮೀನು ನೀರಿಗೆ ಹೋಗದೆ ಅತ್ತೆಯ ಬಕೆಟ್ಟಿನಲ್ಲೇ ಇದ್ದಿದ್ದರೆ ಆ ಪಕ್ಕದಲ್ಲಿ ಅಣ್ಣನ ಜೊತೆ ತಾನೂ ನಿಂತಿರುತ್ತಿದ್ದೆ ಅಂತ ಅವನಿಗೆ ಹೊಳೆದಿತ್ತು.

"ಅತ್ತೆ, ನೀವು ಉಳಿಸಿಬಿಟ್ರಿ" ಅಂದ, ಕುರ್ಚಿ ಮಡಚುವಾಗ.

"ನಿಮ್ಮನ್ನ ಉಳಿಸೋಕೆ ಅಂತ ಮೀನು ಬಿಟ್ಟಿದ್ದಲ್ಲ ನಾನು" ಅಂದಳು ಕಾಳಮ್ಮ. "ಹಂಗೆಲ್ಲ ತಿಳ್ಕೋಬ್ಯಾಡಿ."

ವಾಪಸ್ ಬರುವಾಗ ಪ್ರಮೋದ ಗೇರಿನ ಮೇಲೆ ಸಿಟ್ಟು ತೀರಿಸಿಕೊಂಡ. ಮನೆ ತಲುಪಿ ಕತೆಯೆಲ್ಲ ಕೇಳಿದ ಕೃಪಾ, "ಏನವ್ವ ಇದು, ಎಲ್ಲರ ಮುಂದೆ ಮಾನ ಕಳೆದೆ" ಅಂದಳು.

"ಯಾರ ಮಾನ ಕೃಪಾ? ಐದು ಮೀನಿಗೆ ಮಾನ ಎಲ್ಲಿರ್ತದೆ?"

ಕೃಪಾ ಹಿಡಿದಿದ್ದ ಮಿಕ್ಸಿಯ ಮುಚ್ಚಳ ಕೆಳಗಿಟ್ಟಳು. ಆಮೇಲೆ ಬಂದು ಅವ್ವನ ಬೆರಳಿಗೆ ಅರಿಸಿನ ಹಚ್ಚಿದಳು.

ಭಾನುವಾರ ನಲವತ್ತು ಜನವೂ ಬಂದರು. ಅಣ್ಣತಮ್ಮಂದಿರ ಹತ್ತು ಮೀನು ದೊಡ್ಡ ಪಾತ್ರೆಯಲ್ಲಿ ಕುದಿಯುತ್ತಿತ್ತು. ಸಾಲದೆ ಬೆಳಿಗ್ಗೆಯೇ ಓಡಿಹೋಗಿ ಕೋಳಿಯನ್ನೂ ತಂದಿದ್ದರು. ಕಾಳಮ್ಮನ ಮೀನು ಪಕ್ಕದ ಒಲೆಯಲ್ಲಿ, ಪುಟ್ಟ ಪಾತ್ರೆಯಲ್ಲಿ, ಬೇರೆ.

ಪ್ರಮೋದ ಅಡುಗೆಮನೆಗೆ ಬಂದ. "ಅತ್ತೆ, ಅದನ್ನೂ ಇದಕ್ಕೆ ಸುರೀರಿ. ತುಂಡು ಸಾಲಲ್ಲ."

"ಸುರಿಯಲ್ಲ."

"ನಮ್ಮನೆ ಊಟ ಅತ್ತೆ ಇದು."

"ಮನೆ ನಿಮ್ಮದು ಪ್ರಮೋದಪ್ಪ. ಮೀನು ನಂದು. ಹಿಡಿದೋರು ಪಾಲು ಹಾಕ್ಬೇಕು. ನಿಮ್ಮ ತಾತನೂ ಹಂಗೇ ಹಾಕ್ತಿದ್ದ, ಬೇಕಾದ್ರೆ ನಿಮ್ಮವ್ವನ ಕೇಳಿ."

ಹೊರಗಿದ್ದ ನೆಂಟರು ಕತ್ತು ಚಾಚಿ ನೋಡತೊಡಗಿದರು. ಕಾಳಮ್ಮ ಅವರಿಗೆ ಬೆನ್ನು ಕೊಡಲಿಲ್ಲ, ದನಿಯನ್ನೂ ತಗ್ಗಿಸಲಿಲ್ಲ. ನಾಲ್ಕು ತಟ್ಟೆ ಸಾಲಾಗಿಟ್ಟು, ಸೌಟಿನಲ್ಲಿ ತುಂಡು ಎತ್ತಿ ಎತ್ತಿ ಹಾಕಿದಳು.

"ಇದು ಬಲೆ ಪಾಲು. ರಾಡು ನಮ್ಮ ಅಳಿಮಯ್ಯಂದು, ಅವರಿಗೆ. ಇದು ಗಂಟು ಹಾಕಿ ಸೊಂಟ ಹಿಡಿದ ಕೈ ಪಾಲು, ನಮ್ಮ ಬೀಗ್ತಿದು. ಇದು ನನ್ನ ಕೈದು." ನಾಲ್ಕನೆಯ ತಟ್ಟೆಯನ್ನು ಪ್ರಮೋದನ ಕಡೆ ಚಾಚಿದಳು. "ಇದು ಹರಿಗೋಲು ಪಾಲು. ನಿಮ್ಮ ಕಾರಲ್ಲೇ ಹೋಗಿದ್ದು. ಅದನ್ನ ಯಾರೂ ಇಲ್ಲ ಅನ್ನಂಗಿಲ್ಲ."

ಪ್ರಮೋದ ತಟ್ಟೆಯನ್ನೇ ನೋಡಿದ. ನಗಲಿಲ್ಲ. ಈ ಸಲ ನಕ್ಕು ದಾಟಲು ದಾರಿ ಸಿಗಲಿಲ್ಲ. ತೆಗೆದುಕೊಂಡು, ಒಲೆಗೆ ಒರಗಿ ನಿಂತೇ ತಿಂದ. ತಿನ್ನುತ್ತಿರುವಾಗ ಪುಟ್ಟಮ್ಮ ತನ್ನ ತಟ್ಟೆ ಹಿಡಿದು ನೆಂಟರ ನಡುವೆ ಹೋಗಿ ಕೂತು, "ಕೈ ಪಾಲು ಕಣವ್ವ, ನಮ್ಮಪ್ಪನ ಮನೇಲೂ ಸಿಕ್ಕಿರಲಿಲ್ಲ, ಗಂಡನ ಮನೇಲೂ ಸಿಕ್ಕಿರಲಿಲ್ಲ" ಅಂತ ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು.

ಕಾಳಮ್ಮ ತನ್ನ ಪಾಲನ್ನು ಗಂಡಸರ ಪಂಕ್ತಿ ಏಳುವ ತನಕ ಕಾಯದೆ ಅಲ್ಲೇ ಉಂಡಳು. ಮುಳ್ಳು ಜಾಸ್ತಿ, ರುಚಿ ಸ್ವಲ್ಪ ಒರಟು. ಬೆರಳು ನೆಕ್ಕಿಕೊಂಡಳು, ಕೊಯ್ದುಕೊಂಡ ಬೆರಳನ್ನೂ ಸೇರಿಸಿ.

ಮೆಲ್ಬರ್ನ್‌ಗೆ ಬಂದ ಮೇಲಿನ ಶನಿವಾರ ಯೋಗೀಶ ಏನೂ ಹೇಳದೆ ಎರಡು ರಾಡು ಕಾರಿಗೆ ಹಾಕಿದ. ವೆರಿಬಿ ಸೌತ್ ಜೆಟ್ಟಿಯ ಮೇಲೆ ಕೊಕ್ಕೆ ಕಟ್ಟಿದ ರಾಡನ್ನು ಅತ್ತೆಯ ಕೈಗೆ ಕೊಟ್ಟ. ರೀಲು ಹೇಗೆ ತಿರುಗಿಸುವುದು ಅಂತ ತೋರಿಸಿಕೊಟ್ಟ. ಎರಡು ಸಲ ತೋರಿಸಬೇಕಾಯಿತು. ಮಡಚಿದ ಕುರ್ಚಿಯನ್ನು ಕಾರಿನಿಂದ ತಂದು ಬಿಡಿಸಲು ಹೋದ.

"ಅದು ನಿಮಗಿರಲಿ" ಅಂದಳು ಕಾಳಮ್ಮ.

ಗಾಳಿ ತಂಡಿಯಾಗಿತ್ತು. ಜೆಟ್ಟಿಯ ಕಂಬಿಗೆ ಒರಗಿ ಇಬ್ಬರೂ ದಾರ ಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಯೋಗೀಶ ಮೆಲ್ಲಗೆ, "ಇಲ್ಲಿ ಆ ಕಾಟ ಇಲ್ಲ ಅತ್ತೆ. ಒಬ್ಬೊಬ್ಬರು ಇಪ್ಪತ್ತು ಹಿಡೀಬಹುದು" ಅಂದ.

"ಹಿಡೀಬಹುದು ಅಂತ ತಾನೆ ಇರೋದು? ಹಿಡೀಲೇಬೇಕು ಅಂತ ಯಾರ್ ಅಂದ್ರು?" ಕಾಳಮ್ಮ ನೀರಿನಿಂದ ಕಣ್ಣು ತೆಗೆಯಲಿಲ್ಲ. "ನನ್ನ ಕೈ ಸೋತಾಗ ಹೇಳ್ತೀನಿ. ಆವಾಗ ಮನೆಗೆ ಹೋಗಾಣ. ಈಗ ಮಾತಾಡ್ಬ್ಯಾಡಿ, ಏನೋ ಮುಟ್ತು."